ಬಸುರೇರ ಮನಿಯ ಬೋಗುಣಿಗಳು

ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಶಹಾಪುರದ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಕಳೆದ ಡಿಸೆಂಬರ್‌ನಲ್ಲಿ ಹಾಗೆ ನಿಂತಾಗ ಕಿಟಕಿಯ ಕೆಳಗಿನಿಂದ ಒಂದು ವಾಸನೆ ಬಂತು. ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿಯ ವಾಸನೆ. ಹೆಂಗಸೊಬ್ಬಳು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದ್ದಳು, ಹಬೆ ಏಳುತ್ತಿತ್ತು. ನಾನು ತೊಡೆಯ ಮೇಲಿದ್ದ ಚೀಲವನ್ನು ಸುಮ್ಮನೆ ಮುಟ್ಟಿ ನೋಡಿಕೊಂಡೆ. ಒಳಗೆ ಒಂದು ಹಳೆಯ ಸ್ಟೀಲ್ ಡಬ್ಬಿ ಇತ್ತು. ಅದು ನನ್ನದಲ್ಲ, ಈ ಊರಿನ ಶರಣಮ್ಮನದು. ಹನ್ನೊಂದು ವರ್ಷದಿಂದ ನನ್ನ ಅಡುಗೆಮನೆಯಲ್ಲಿ ಕೂತಿತ್ತು. ಸುರಪುರದ ಕೆಲಸ ಮುಗಿಸಿ ಹಿಂದಿರುಗುವಾಗ ಕೊಟ್ಟು ಹೋಗೋಣವೆಂದು ತಂದಿದ್ದೆ.

ಸುರಪುರದ ಕೆಲಸವೆಂದರೆ, ಸಣ್ಣಪುಟ್ಟ ಸೇವಾ ಸಂಸ್ಥೆಯವರನ್ನು ಎದುರಿಗೆ ಕೂರಿಸಿಕೊಂಡು ಜನರಲ್ಲಿ ದಾನ ಕೇಳುವುದು ಹೇಗೆ, ಕೊಟ್ಟವರ ಪ್ರೀತಿ ಉಳಿಸಿಕೊಳ್ಳುವುದು ಹೇಗೆ ಎಂದು ಎರಡು ದಿನ ಹೇಳಿಕೊಡುವುದು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಹಾಗೆ. ಇನ್ನೊಬ್ಬರ ಡಬ್ಬಿಯನ್ನು ಹನ್ನೊಂದು ವರ್ಷ ಇಟ್ಟುಕೊಂಡವಳು ಕೊಡುಗೈಯ ಪಾಠ ಹೇಳುತ್ತಾಳೆ. ನಿಮಗೆ ಇದನ್ನೆಲ್ಲ ಯಾರು ಕಲಿಸಿದರು ಎಂದು ತರಬೇತಿಗೆ ಬಂದವರು ಕೇಳುವುದುಂಟು. ಯಾವುದೋ ದೊಡ್ಡ ಊರಿನ ಹೆಸರು ಹೇಳಿ ದಾಟಿಸಿಬಿಡುತ್ತೇನೆ. ನಿಜವಾಗಿ ಕಲಿತದ್ದು ಈ ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರದ ಒಂದು ಓಣಿಯಲ್ಲಿ, ಒಂದೇ ಒಂದು ಚಳಿಗಾಲದಲ್ಲಿ.

ಆಗ ನನಗೆ ಇಪ್ಪತ್ತಾರು ವರ್ಷ. ತಿಪಟೂರಿನ ಕಡೆಯವಳು, ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದಿದ್ದೆ. ಸರಕಾರಿ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ನಮ್ಮ ಸಂಸ್ಥೆ ಮೂರು ಕೋಣೆಯ ಒಂದು ಮನೆ ಬಾಡಿಗೆಗೆ ಹಿಡಿದಿತ್ತು. ದೂರದ ಹಳ್ಳಿಗಳ, ತಾಂಡಾಗಳ ಬಸುರಿಯರು ದಿನ ತುಂಬುವ ಹೊತ್ತಿಗೆ ಬಂದು ಅಲ್ಲಿ ಇರುತ್ತಿದ್ದರು. ನೋವು ಕಾಣಿಸಿಕೊಂಡರೆ ನಡೆದೇ ಆಸ್ಪತ್ರೆ ಸೇರಬಹುದಿತ್ತು. ಉಣ್ಣಲು ರೊಟ್ಟಿ, ಬೇಳೆ, ಮಲಗಲು ಹೊದಿಕೆ, ನೋಡಿಕೊಳ್ಳಲು ಒಬ್ಬಳು ಅಡುಗೆಯವಳು ಮತ್ತು ನಾನು. ಬೋರ್ಡಿನ ಮೇಲೆ ಉದ್ದದ ಹೆಸರಿತ್ತು. ಓಣಿಯವರು ಅದನ್ನು ಓದುವ ಗೋಜಿಗೆ ಹೋಗದೆ ‘ಬಸುರೇರ ಮನಿ’ ಅನ್ನುತ್ತಿದ್ದರು.

ಆ ಮನೆಯಲ್ಲಿ ಕಾಲ ಬೇರೆ ರೀತಿ ನಡೆಯುತ್ತಿತ್ತು. ಬೆಳಿಗ್ಗೆ ಮಾಳಿಗೆ ಹತ್ತಿದರೆ ಊರೆಲ್ಲ ಮಂಜಿನಲ್ಲಿ ಮುಳುಗಿರುತ್ತಿತ್ತು, ಮಲಗಿದ ಬುದ್ಧನಂಥ ಬೆಟ್ಟದ ಹಣೆ, ಮೂಗು, ಎದೆ ಮಾತ್ರ ಮೇಲೆ ತೇಲುತ್ತಿದ್ದವು. ಬಿಸಿಲು ಬಂದಂತೆ ಆರು ಮಂದಿ ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ತೊಗರಿಕಾಯಿ ಸುಲಿಯುತ್ತ, ಅರ್ಧ ಮಾತಾಡಿ ಅರ್ಧ ತೂಕಡಿಸುತ್ತಿದ್ದರು. ಇವತ್ತು ಯಾವ ವಾರ ಎಂದು ಕೇಳಿದರೆ ಒಬ್ಬಳು ಸೋಮವಾರ ಅನ್ನುವಳು, ಇನ್ನೊಬ್ಬಳು ನಿನ್ನೆಯೇ ಸೋಮವಾರ ಆಯಿತಲ್ಲ ಅನ್ನುವಳು. ಈಗ ನೆನೆದರೆ ಆ ಬೆಳಗುಗಳೆಲ್ಲ ಒಂದರೊಳಗೊಂದು ಸೇರಿ ಒಂದೇ ಬೆಳಗಾಗಿ ಕಾಣುತ್ತವೆ.

ಅವರಲ್ಲಿ ಮಲ್ಲಮ್ಮ ಎಂಬವಳು ಕೆಂಭಾವಿಯ ಆಚೆಯ ಹಳ್ಳಿಯವಳು, ಹೊಲದ ಕೂಲಿ ಮಾಡುವವಳು. ಮೊದಲ ಹೆರಿಗೆಯಲ್ಲಿ ಆಸ್ಪತ್ರೆಗೆ ಬರುವ ದಾರಿಯಲ್ಲೇ, ಟ್ರ್ಯಾಕ್ಸ್ ಗಾಡಿಯಲ್ಲಿ, ಮಗು ಹುಟ್ಟಿ ಉಳಿಯದೆ ಹೋಗಿತ್ತು. ಈ ಸಲ ಗಂಡನೇ ಕರೆತಂದು ಬಿಟ್ಟು ಹೋಗಿದ್ದ. ಅವಳು ಸದಾ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಹರಿದು ಪದರ ಪದರವಾಗಿ ಜೋಡಿಸಿ, ಬೇರೆಯವರ ಕೂಸುಗಳಿಗೆ ಪುಟ್ಟ ಪುಟ್ಟ ಕೌದಿ. ತನ್ನ ಕೂಸಿಗೆ ಮಾತ್ರ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ನಾನು ಕೇಳಿದ್ದಕ್ಕೆ, “ಆಗ್ಲಿ ತಡೀರಿ ಅಕ್ಕೋರ, ಮೊದಲ ಬರ್ಲಿ,” ಅಂದಿದ್ದಳು.

ಆ ಡಿಸೆಂಬರ್‌ನಲ್ಲೇ ದೂರದಿಂದ ಬರುತ್ತಿದ್ದ ನೆರವು ನಿಂತಿತು. ಮುಖ್ಯ ಕಚೇರಿಯ ಸರ್ ಫೋನಿನಲ್ಲಿ ಬಹಳ ಹೊತ್ತು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಕೊನೆಗೆ ನೇರವಾಗಿ ಹೇಳಿದರು. ಸಂಕ್ರಾಂತಿಯೊಳಗೆ ಊರಿನ ಜನ ಕೈ ಹಿಡಿದರೆ ಸರಿ, ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಬಾ. ಮಲ್ಲಮ್ಮನ ದಿನ ತುಂಬುವುದು ಸಂಕ್ರಾಂತಿಯ ನಂತರ. ಬಾಗಿಲು ಹಾಕಿದರೆ ಅವಳು ಮತ್ತೆ ಅದೇ ಹಳ್ಳಿಗೆ, ಅದೇ ದಾರಿಗೆ. ನಾನು ಅವಳಿಗೆ ಏನೂ ಹೇಳಲಿಲ್ಲ. ಅವಳು ಕೇಳಲೂ ಇಲ್ಲ, ಆದರೆ ಅಂದಿನಿಂದ ಸೂಜಿ ಹಿಡಿದ ಕೈ ಆಗಾಗ ನಿಲ್ಲುತ್ತಿತ್ತು.

ಕಚೇರಿಯವರು ಕಳಿಸಿದ ಕರಪತ್ರಗಳನ್ನು ಹಿಡಿದು ನಾನು ಬಜಾರಿಗೆ ಹೋದೆ. ಅದರ ಮೇಲೆ ಅಳುತ್ತಿರುವ ಹೆಂಗಸಿನ ಚಿತ್ರವಿತ್ತು. ಮಲ್ಲಮ್ಮ ಅದನ್ನು ನೋಡಿ, “ಈಕಿ ಯಾರ್ರಿ? ಯಾಕ ಅಳಾಕತ್ಯಾಳ?” ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಅಂಗಡಿಯವರು ಒಳ್ಳೆಯ ಮಾತಾಡಿದರು, ಛಾ ಕುಡಿಸಿದರು, ಕರಪತ್ರವನ್ನು ಗಲ್ಲಾದ ಮೂಲೆಗಿಟ್ಟರು. “ನೋಡೋಣ್ರಿ ಮೇಡಂ, ಸುಗ್ಗಿ ಮುಗೀಲಿ,” ಎಂದು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ನನ್ನನ್ನು ಹೊರಗೆ ಕಳಿಸಿದರು. ಒಂದು ವಾರದಲ್ಲಿ ಹೊಟ್ಟೆ ತುಂಬ ಛಾ ಆಯಿತೇ ಹೊರತು ಬೇರೇನೂ ಆಗಲಿಲ್ಲ.

ಆಮೇಲೆ ಖಾಜಾಬಿ ಬಂದಳು. ಪಕ್ಕದ ಓಣಿಯಲ್ಲಿ ಬಳೆ ವ್ಯಾಪಾರ ಮಾಡುವ ಮುದುಕಿ, ಊರಿನ ಯಾವ ಅಡುಗೆಮನೆಗೂ ಕೇಳದೆ ಹೋಗಬಲ್ಲವಳು. ಬಸುರಿಯರಿದ್ದಾರೆ ಎಂದು ಹಸಿರು ಬಳೆಯ ಮಲಾರ ಹೊತ್ತು ಮಾಳಿಗೆ ಹತ್ತಿದಳು. ಮಲ್ಲಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. “ನನ್ನತ್ರ ಏನಿಲ್ಲಬೇ,” ಅಂದಳು.

“ನಾ ಏನ್ ಕೇಳಿದ್ನೇನು? ಕೈ ಕೊಡು ಇಕಡೆ,” ಎಂದು ಖಾಜಾಬಿ ಅವಳ ಮುಂಗೈ ಹಿಡಿದು ಒತ್ತಿ ಒತ್ತಿ ಡಜನ್ ಬಳೆ ಏರಿಸಿದಳು. ಆರು ಜನರಿಗೂ ತೊಡಿಸಿದಳು. ಇಳಿದು ಹೋಗುವಾಗ ಅಡುಗೆಮನೆಯಲ್ಲಿ ಇಣುಕಿದಳು. ಹಿಟ್ಟಿನ ಡಬ್ಬದ ತಳ ಕಾಣುತ್ತಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮಲಾರ ಹೊತ್ತು ಮುಂದಿನ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಒಂದು ಬೋಗುಣಿ ಕೂತಿತ್ತು, ಮೇಲೊಂದು ಬಟ್ಟೆ ಕಟ್ಟಿ. ಒಳಗೆ ಜೋಳದ ಹಿಟ್ಟು. ಮಧ್ಯಾಹ್ನಕ್ಕೆ ಇನ್ನೊಂದು, ಹೊಸ ತೊಗರಿಬೇಳೆ. ಮಾರನೆಯ ದಿನ ಒಂದು ಚರಗಿಯಲ್ಲಿ ತುಪ್ಪ, ಒಂದು ಡಬ್ಬಿಯಲ್ಲಿ ಗುರೆಳ್ಳಿನ ಚಟ್ನಿಪುಡಿ. ತಂದವರು ಹೊಸ್ತಿಲು ದಾಟುತ್ತಿರಲಿಲ್ಲ. ಯಾರು ಎಂದು ನೋಡಲು ಹೋದರೆ ಓಣಿಯ ತಿರುವಿನಲ್ಲಿ ಸೆರಗಿನ ತುದಿಯಷ್ಟೇ ಕಾಣುತ್ತಿತ್ತು. ಶರಣಮ್ಮ ಮಾತ್ರ ಪಾತ್ರೆ ನೋಡಿಯೇ, ಇದು ಇಂಥವರ ಮನೆಯದು ಎಂದು ಹೇಳಬಲ್ಲವಳಾಗಿದ್ದಳು.

ಶರಣಮ್ಮ ನಮ್ಮ ಅಡುಗೆಯವಳು, ಯಾದಗಿರಿ ಹತ್ತಿರದ ಮುದನಾಳದ ಹೆಣ್ಣುಮಗಳು. ಎಳ್ಳ ಅಮಾವಾಸ್ಯೆ ಬಂತು. ಆ ದಿನ ಈ ಸೀಮೆಯ ಜನರೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಅವಳೂ ಎರಡು ದಿನ ತವರಿಗೆ ಹೋದಳು. ಆ ಎರಡು ದಿನದಲ್ಲೇ ನಾನು ನನ್ನ ಜಾಣತನ ತೋರಿಸಿದೆ. ಹನ್ನೆರಡು ಪಾತ್ರೆ ಸೇರಿದ್ದವು. ಯಾವುದು ಯಾರದು ಎಂದು ಖಾಜಾಬಿಯನ್ನು ಕೇಳಿಕೊಂಡು ಬಂದೆ. ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದೆ. ಕಚೇರಿಯ ನಿಯಮದಂತೆ ಪ್ರತಿಯೊಂದಕ್ಕೂ ರಸೀದಿ ಬರೆದೆ. ಹೆಸರು, ಕೊಟ್ಟ ವಸ್ತು, ಕೆಳಗೆ ಅಚ್ಚಾದ ಧನ್ಯವಾದ. ರಸೀದಿಯನ್ನು ಮಡಚಿ ಪಾತ್ರೆಯೊಳಗಿಟ್ಟು ಮನೆಮನೆಗೆ ಹೋಗಿ ಕೊಟ್ಟು ಬಂದೆ. ಹೊರಡುವಾಗ ಮಲ್ಲಮ್ಮ ಪಡಸಾಲೆಯಲ್ಲಿ ನಿಂತು ನನ್ನ ಕೈಯಲ್ಲಿದ್ದ ಪಾತ್ರೆಗಳ ಸಾಲನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಂದವಳು ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು.

ಅಲ್ಲಿಗೆ ಪಾತ್ರೆಗಳು ಬರುವುದು ನಿಂತುಹೋಯಿತು. ಒಂದು ದಿನ, ಎರಡು ದಿನ. ಓಣಿಯಲ್ಲಿ ಎದುರಾದವರು ಮುಖ ತಿರುಗಿಸುತ್ತಿರಲಿಲ್ಲ, ಆದರೆ ನಗುತ್ತಲೂ ಇರಲಿಲ್ಲ. ಮೂಲೆಮನೆಯ ಅಜ್ಜಿ ನನ್ನನ್ನು ನಿಲ್ಲಿಸಿ ರಸೀದಿಯನ್ನು ಕೈಗೆ ವಾಪಸ್ ಕೊಟ್ಟಳು. “ತಗೋವಾ ನಿನ್ನ ಚೀಟಿ. ನಾವೇನ್ ಕರ ಕಟ್ಟೀವೇನು?” ಅಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಜನರ ಮನಸ್ಸೇ ಹೀಗೆ, ಎರಡು ದಿನದ ಉತ್ಸಾಹ ಎಂದು ಅವರ ಮೇಲೆಯೇ ಸಿಟ್ಟು ಮಾಡಿಕೊಂಡೆ.

ಮೂರನೆಯ ದಿನ ಶರಣಮ್ಮ ಬಂದಳು. ಖಾಲಿ ಗೂಡು ನೋಡಿ, “ಭಾಂಡೆ ಎಲ್ಲಿ ಹೋದ್ವು ಅಕ್ಕೋರ?” ಎಂದಳು.

“ಎಲ್ಲ ತೊಳೆದು ವಾಪಸ್ ಕೊಟ್ಟೆ.”

“ಏನ್ ಹಾಕಿ ಕೊಟ್ರಿ?”

“ಏನು ಹಾಕೋದು? ರಸೀದಿ ಹಾಕಿದ್ದೆ.”

ಶರಣಮ್ಮ ಹಣೆಹಣೆ ಬಡಿದುಕೊಂಡಳು. “ಬರೇ ಭಾಂಡೆ ಕಳಿಸೀರಿ? ಅಯ್ಯ ಶಿವನೇ! ಬರೇ ಭಾಂಡೆ ಕಳಿಸಿದ್ರ, ಸಾಕು, ಇನ್ನ ಬರಬ್ಯಾಡ್ರಿ ಅಂದಂಗ ಅಲ್ಲೇನ್ರಿ? ಅದೂ ಬಸುರೇರ ಇರೋ ಮನಿಯಿಂದ! ತುಂಬಿದ ಮನಿಯಿಂದ ಬರೇ ಭಾಂಡೆ ಹೊಸ್ತಿಲ ದಾಟಬಾರ್ದ್ರಿ ಅಕ್ಕೋರ. ಒಂದ್ ಚಿಟಿಕಿ ಸಕ್ರಿ ಹಾಕಿದ್ರ ಸಾಕಿತ್ತು. ನಾಕ್ ಕಾಳ ಜ್ವಾಳ ಹಾಕಿದ್ರೂ ಸಾಕಿತ್ತು.”

ಆಗ ಮಲ್ಲಮ್ಮ ಯಾಕೆ ಎರಡು ದಿನದಿಂದ ಊಟ ಸೇರುತ್ತಿಲ್ಲ ಎನ್ನುತ್ತಿದ್ದಳು ಎಂಬುದು ತಿಳಿಯಿತು. ಹನ್ನೆರಡು ಖಾಲಿ ಪಾತ್ರೆಗಳು ತನ್ನ ಕಣ್ಣೆದುರೇ ಹೊಸ್ತಿಲು ದಾಟಿದ್ದನ್ನು ಅವಳು ನೋಡಿದ್ದಳು. ಒಮ್ಮೆ ಖಾಲಿ ಮಡಿಲಲ್ಲಿ ಮನೆಗೆ ಹೋದವಳು ಅವಳು. ನನಗೆ ಅಳು ಬಂತು. ಅಳುತ್ತಲೇ ವಾದ ಮಾಡಿದೆ. “ನಾವೇ ಇನ್ನೊಬ್ಬರಿಂದ ಕೇಳಿ ತಿನ್ನೋರು ಶರಣಮ್ಮ. ಬಡವರಿಗೆ ಅಂತ ಬಂದದ್ದನ್ನ ವಾಪಸ್ ಹೇಗೆ ಕೊಡೋದು? ನಮ್ಮ ಹತ್ತಿರ ಏನಿದೆ?”

ಶರಣಮ್ಮ ತನ್ನ ಗಂಟು ಬಿಚ್ಚಿ, ಹಬ್ಬದ ಸಜ್ಜೆ ರೊಟ್ಟಿ ಮತ್ತು ಭಜ್ಜಿಪಲ್ಯವನ್ನು ಹೆಂಗಸರಿಗೆ ಹಂಚುತ್ತಿದ್ದಳು. ಅವಳ ದನಿ ಜೋರಾಗಿರಲಿಲ್ಲ. “ನಿನ್ನಿ ಮೊನ್ನಿ ನಾ ಏನ್ ಮಾಡಿ ಬಂದೀನಿ ಗೊತ್ತೇನ್ರಿ? ಹೊಲದಾಗ ಚರಗ ಚೆಲ್ಲಿ ಬಂದೀನಿ. ಬೆಳಿ ನಿಂತ ಭೂಮಿತಾಯಿ ಬಸುರಿ ಇದ್ದಂಗರಿ. ಆಕಿ ಕೊಡ್ತಾಳಂತ ನಾವು ಬರೇ ತಗೊಂಡೇ ಬರ್ತೀವೇನು? ಮೊದಲ ತುತ್ತು ಆಕಿಗೇ ಚೆಲ್ಲಿ ಆಮ್ಯಾಲ ನಾವು ಉಣ್ತೀವಿ. ಏನೂ ಇಲ್ಲ ಅನ್ನೋ ಮನಿ ಯಾವ್ದೈತ್ರಿ ಅಕ್ಕೋರ?” ಕೊನೆಯ ರೊಟ್ಟಿ ಹಂಚಿ ಕೇಳಿದಳು, “ಸಿಟ್ಟಾಗಬ್ಯಾಡ್ರಿ. ಊರ ಮಂದಿಗಿ ಕೊಡ್ರಿ ಕೊಡ್ರಿ ಅಂತ ತಿರಗತೀರಿ. ನೀವೇನ್ ಕೊಟ್ಟೀರಿ ಈ ಮನಿಗಿ?”

ನಾನು ಸಂಬಳಕ್ಕೆ ದುಡಿಯುವವಳು, ದುಡಿಮೆಯೇ ನನ್ನ ಕೊಡುಗೆ ಎಂದು ಹೇಳಬಹುದಿತ್ತು. ಆದರೆ ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ ಇತ್ತು. ಶರಣಮ್ಮ ದಿನಾ ಬೆಳಿಗ್ಗೆ ತನ್ನ ಮನೆಯಿಂದ ಸೆರಗಿನಲ್ಲಿ ಒಂದು ಹಿಡಿ ಜೋಳ ತಂದು ಅದರಲ್ಲಿ ಸುರಿಯುವುದನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ. ಯಾವುದೋ ಹರಕೆ ಇರಬೇಕು ಎಂದುಕೊಂಡಿದ್ದೆ. ನಮ್ಮ ಹಿಟ್ಟು ತಳ ಕಂಡಾಗಲೂ ರೊಟ್ಟಿ ನಿಲ್ಲದೆ ಇದ್ದದ್ದು ಆ ಗಡಿಗೆಯಿಂದ. ನಾಚಿಕೆಯಿಂದ ಅವಳ ಮುಖ ನೋಡಲಾಗದೆ ನಾನು ಮಾಳಿಗೆಗೆ ಹೋಗಿ ಕೂತೆ.

ನನ್ನ ಮಂಚದ ಕೆಳಗೆ ಒಂದು ಚೀಲವಿತ್ತು. ಅಮ್ಮ ಊರಿನಿಂದ ಕಳಿಸಿದ, ಇನ್ನೂ ಚಿಪ್ಪಿನಲ್ಲೇ ಇದ್ದ ಉಂಡೆ ಕೊಬ್ಬರಿ. ಯಾರಿಗೂ ತೋರಿಸದೆ, ದಿನಾ ಸಂಜೆ ಒಂದು ಚೂರು ಬೆಲ್ಲದೊಂದಿಗೆ ತಿಂದು ಊರನ್ನು ನೆನೆಸಿಕೊಳ್ಳುತ್ತಿದ್ದೆ. ಜಿಪುಣತನ ಅಂತಲ್ಲ, ಪರವೂರಿನಲ್ಲಿ ಅದೊಂದೇ ನನ್ನದು ಅನ್ನಿಸುತ್ತಿತ್ತು. ಅವತ್ತು ಆ ಚೀಲವನ್ನು ಎಳೆದು ತಂದು ಶರಣಮ್ಮನ ಮುಂದಿಟ್ಟೆ. “ನಮ್ಮ ಕಡೆ ಸಂಕ್ರಾಂತಿಗೆ ಮನೆಮನೆಗೆ ಎಳ್ಳು ಬೀರ್ತೀವಿ,” ಅಂದೆ. ಶರಣಮ್ಮ ಒಂದು ಉಂಡೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಡಗಡ ಉರುಳುವ ಸದ್ದು ಕೇಳಿ ನಕ್ಕಳು.

ಸಂಕ್ರಾಂತಿಗೆ ಎಂಟು ದಿನವಿತ್ತು. ಆ ಎಂಟು ದಿನ ಮಾಳಿಗೆಯ ಮೇಲೆ ಬೇರೆ ಲೋಕವೇ ಇತ್ತು. ಆರು ಜನ ಬಸುರಿಯರು ಕಾಲು ಚಾಚಿ ಕೂತು ಕೊಬ್ಬರಿ ಹೆಚ್ಚುತ್ತಿದ್ದರು, ಬೆಲ್ಲ ಚೂರು ಮಾಡುತ್ತಿದ್ದರು. ಎಳ್ಳು ಶರಣಮ್ಮನ ಹೊಲದ್ದು. ಶೇಂಗಾ ಒಬ್ಬಳ ಗಂಡ ತಂದುಕೊಟ್ಟದ್ದು. ಹಸಿರು ಬಳೆಗಳು ಒಟ್ಟಿಗೆ ಸದ್ದು ಮಾಡುತ್ತಿದ್ದವು, ಹುರಿದ ಎಳ್ಳಿನ ವಾಸನೆ ಓಣಿಯ ಮೇಲೆಲ್ಲ ಹರಡುತ್ತಿತ್ತು, ಎದುರಿಗೆ ಬೆಟ್ಟ ತನ್ನ ಪಾಡಿಗೆ ಮಲಗಿತ್ತು. ಬಾಗಿಲು ಮುಚ್ಚುವ ದಿನ ಹತ್ತಿರ ಬರುತ್ತಿದೆ ಎಂಬುದು ಎಲ್ಲರಿಗೂ ಆಗ ಗೊತ್ತಾಗಿತ್ತು, ನಾನೇ ಹೇಳಿದ್ದೆ. ಆದರೂ ಅಷ್ಟು ನೆಮ್ಮದಿಯ ದಿನಗಳನ್ನು ನಾನು ಮತ್ತೆ ಕಂಡಿಲ್ಲ.

ಹಬ್ಬದ ಬೆಳಿಗ್ಗೆ ನಮ್ಮ ಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿದೆವು. ಹನ್ನೆರಡು ಬೇಕಿತ್ತು. ನೀರು ಕುಡಿಯುವ ಚರಗಿ, ಬೇಳೆ ಬೇಯಿಸುವ ಬೋಗುಣಿ, ಶರಣಮ್ಮನ ರೊಟ್ಟಿ ಡಬ್ಬಿ ಯಾವುದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಮೊದಲ ಹಿಡಿಯನ್ನು ಮಲ್ಲಮ್ಮನ ಕೈಯಿಂದಲೇ ಹಾಕಿಸಿದಳು ಶರಣಮ್ಮ. ಮೊದಲು ಮೂಲೆಮನೆಯ ಅಜ್ಜಿಯ ಹತ್ತಿರ ಹೋದೆ. “ನಂದು ತಪ್ಪಾಯ್ತು ಅಜ್ಜಿ, ನನಗೆ ಗೊತ್ತಿರಲಿಲ್ಲ,” ಅಂದೆ. ಅವಳು ಬೋಗುಣಿಯ ಮುಚ್ಚಳ ತೆಗೆದು ಒಂದು ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. “ನಿಮ್ಮೂರ ಕೊಬ್ರಿ ಭಾಳ ಚಲೋ ಅದ ಬಿಡವಾ,” ಅಂದಳು. ಅಷ್ಟೇ. ಬೋಗುಣಿಯನ್ನು ಒಳಗಿಟ್ಟುಕೊಂಡಳು.

ಖಾಜಾಬಿ ನನ್ನ ತಲೆಯ ಮೇಲೆ ಕೈಯಿಟ್ಟು, “ಬೇಟಿ, ನಮ್ಮಲ್ಲಿ ಬಲಗೈ ಕೊಟ್ಟಿದ್ದು ಎಡಗೈಗಿ ಗೊತ್ತಾಗಬಾರ್ದು ಅಂತಾರ. ನೀ ನೋಡಿದ್ರ ಕಾಗದದ ಮ್ಯಾಲ ಬರದು ಮನಿಗೇ ಕಳಿಸಿದಿ,” ಎಂದು ಬಾಯಲ್ಲಿ ಹಲ್ಲಿಲ್ಲದಿದ್ದರೂ ಬಾಯಿ ತುಂಬ ನಕ್ಕಳು.

ಸಂಜೆ ಅಡುಗೆಮನೆಯಲ್ಲಿ ಬೇಯಿಸಲು ಒಂದು ಪಾತ್ರೆಯೂ ಉಳಿದಿರಲಿಲ್ಲ. ನಾನು ಗಾಬರಿಯಾದರೆ ಶರಣಮ್ಮ ಕಟ್ಟೆಯ ಮೇಲೆ ಆರಾಮಾಗಿ ಎಲೆ ಹಾಕಿಕೊಂಡು ಕೂತಿದ್ದಳು. “ನಮ್ಮ ಭಾಂಡೆ ಅವರ ಮನ್ಯಾಗ ಕುಂತಾವ ಅಕ್ಕೋರ. ಬರೇ ಬರ್ತಾವೇನು?” ಅಂದಳು. ಖಾಲಿ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೊದಲನೆಯದು ಬಂತು, ತುಂಬ ಜೋಳ. ಆಮೇಲೆ ಒಂದರ ಹಿಂದೊಂದು. ಈ ಸಲ ತಂದವರು ತಿರುವಿನಲ್ಲಿ ಮರೆಯಾಗಲಿಲ್ಲ, ಒಳಗೆ ಬಂದು ಬಸುರಿಯರ ಪಕ್ಕ ಕೂತು ಹರಟೆ ಹೊಡೆದು ಹೋದರು. ಬಜಾರಿನ ಅಂಗಡಿಯವರೂ ಬಂದರು, ಬಾಡಿಗೆಯ ಖರ್ಚಿಗೆ ಕೈಜೋಡಿಸಿದರು. ಅವರ ಮನೆಗಳೂ ಆ ಓಣಿಗಳಲ್ಲೇ ಇದ್ದವು, ಹೆಂಡತಿಯರು ಕಳಿಸಿದ್ದರು. ಸರ್ ಫೋನು ಮಾಡಿ ದಾನಿಗಳ ಹೆಸರು ಕೇಳಿದಾಗ, ‘ಓಣಿಯವರು’ ಎಂದು ಬರೆದು ಕಳಿಸಿದೆ. ಅವರಿಗೆ ಅದು ಸಾಲಲಿಲ್ಲ, ಗೊಣಗಿದರು. ಆದರೆ ಬಾಗಿಲು ಹಾಕು ಎಂದು ಮತ್ತೆ ಹೇಳಲಿಲ್ಲ.

ಹಬ್ಬವಾಗಿ ಐದೋ ಆರೋ ದಿನಕ್ಕೆ, ಬೆಳಗಿನ ಮಂಜಿನಲ್ಲಿ, ಮಲ್ಲಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು ಆಸ್ಪತ್ರೆಗೆ ನಡೆದಳು. ಎದುರಿನ ಗೋಡೆ ಕಾಣದಷ್ಟು ಮಂಜು. ಎರಡು ಸಲ ನಿಂತಳು, ಉಸಿರು ಎಳೆದುಕೊಂಡಳು, ಮತ್ತೆ ನಡೆದಳು. ಅಷ್ಟು ಸಣ್ಣ ದಾರಿ. ಬಿಸಿಲು ಬರುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿ, ಆಸ್ಪತ್ರೆಯ ವರಾಂಡದವರೆಗೆ ಕೇಳುವಂತೆ ಅತ್ತಿತು. ಶರಣಮ್ಮ ಅದೇ ರೊಟ್ಟಿ ಡಬ್ಬಿಯಲ್ಲಿ ಬಾಣಂತಿಯರಿಗೆ ಕೊಡುವ ಅಳವಿ ಬೀಜದ ಪಾಯಸ ಹೊತ್ತು ಓಡಿಬಂದಳು. ಮೂರನೆಯ ದಿನ ನೋಡಿದರೆ ಮಲ್ಲಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೌದಿಗೆ ಮೊದಲ ಹೊಲಿಗೆ ಹಾಕುತ್ತಿದ್ದಳು. ಖಾಜಾಬಿಯ ಹಳೆಯ ಸೀರೆಯ ತುಂಡು ಅದು.

ಯುಗಾದಿಯ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ದಿನ ಶರಣಮ್ಮ ಆ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮುಂದಿನ ತಿಂಗಳು ಬಂದು ಕೊಡುತ್ತೇನೆ ಎಂದಿದ್ದೆ.

ಇಷ್ಟೆಲ್ಲ ಹತ್ತು ನಿಮಿಷದಲ್ಲಿ ಕಣ್ಣ ಮುಂದೆ ಹಾದುಹೋಯಿತು. ಕಂಡಕ್ಟರ್ ಸೀಟಿ ಊದಿದ. ಚೀಲದೊಳಗಿನ ಡಬ್ಬಿ ಖಾಲಿ ಎಂಬುದು ಆಗ ಹೊಳೆಯಿತು. ಎಷ್ಟು ತಿಕ್ಕಿ ತೊಳೆದು ತಂದಿದ್ದೆನೆಂದರೆ ನನ್ನ ಮುಖ ಅದರಲ್ಲಿ ಕಾಣುತ್ತಿತ್ತು. ತರಬೇತಿ ಇದ್ದದ್ದು ಮರುದಿನ ಬೆಳಿಗ್ಗೆ. ಬಸ್ಸಿನಿಂದ ಇಳಿದೆ, ಬುಟ್ಟಿಯವಳ ಮುಂದೆ ಡಬ್ಬಿ ಹಿಡಿದು, “ತುಂಬಿಸಿಬಿಡಮ್ಮ,” ಅಂದೆ.

ಬೋರ್ಡಿನ ಬಣ್ಣ ಹೋಗಿದೆ, ಮನೆ ಅದೇ ಇದೆ. ಕಟ್ಟೆಯ ಮೇಲೆ ಇಬ್ಬರು ಬಸುರಿಯರು ಬಿಸಿಲಿಗೆ ಕೂತಿದ್ದರು. ಶರಣಮ್ಮನ ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡುವ ಮೊದಲು ಡಬ್ಬಿಯನ್ನು ನೋಡಿದಳು. “ಒಂದ್ ಭಾಂಡೆ ಕೊಡಾಕ ಇಷ್ಟ ವರ್ಷ ಬೇಕಾತೇನ್ರಿ ಅಕ್ಕೋರ?” ಅಂದಳು. ಮುಚ್ಚಳ ತೆಗೆದಳು, ಹಬೆ ಬಂತು, ಒಂದು ಕಾಯಿ ಸುಲಿದು ಕಾಳುಗಳನ್ನು ಮೊದಲು ಆ ಇಬ್ಬರು ಹೆಂಗಸರ ಕೈಗೆ ಹಾಕಿದಳು. ಖಾಜಾಬಿ ಹೋಗಿ ನಾಲ್ಕು ವರ್ಷವಾಯಿತಂತೆ, ಈಗ ಸೊಸೆ ಬಂದು ಬಳೆ ತೊಡಿಸುತ್ತಾಳೆ. ಮಲ್ಲಮ್ಮ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ, ಕೊಯ್ದ ಹೊಲಗಳಲ್ಲಿ ಉದುರಿದ ತೊಗರಿ ಆಯ್ದು ಒಂದು ಚೀಲ ಮಾಡಿ ಕೆಂಭಾವಿ ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಈಗ ಮಗಳೂ ಆಯಲು ಹೋಗುತ್ತಾಳೆ ಎಂದು ಶರಣಮ್ಮ ಹೇಳಿದಳು.

ನಾನು ಎದ್ದಾಗ ಅವಳು ಒಳಗೆ ಹೋಗಿ ಅದೇ ಡಬ್ಬಿಯನ್ನು ತೊಳೆದು, ಒಲೆಯ ಮೇಲಿನ ಬಿಸಿ ರೊಟ್ಟಿ ತುಂಬಿ ತಂದಳು.

“ಇದನ್ನ ಕೊಡೋಕೆ ಅಂತಲೇ ಬಂದಿದ್ದೆ ಶರಣಮ್ಮ. ಮತ್ತೆ ನಾನೇ ತಗೊಂಡು ಹೋಗಲಾ?”

“ಮತ್ತ? ಬರೇ ಕೈಲೇ ಕಳಸ್ತಾರೇನ್ರಿ? ಕೊಡಾಕ ಬರ್ರಿ ಮತ್ತ.” ಡಬ್ಬಿಯನ್ನು ನನ್ನ ಕೈಗಿಟ್ಟು, ಸ್ವಲ್ಪ ಹೊತ್ತು ಬಿಡದೆ ಹಾಗೇ ಹಿಡಿದುಕೊಂಡಳು. “ಈ ಸಲ ಹನ್ನೊಂದು ವರ್ಷ ಮಾಡಬ್ಯಾಡ್ರಿ. ಇಸ್ಕೊಳ್ಳಾಕ ನಾ ಇರ್ಬೇಕಲ್ಲ.”

ಮುಂದಿನ ಬಸ್ಸು ಹಿಡಿದು ಕೂತೆ. ಬೆಟ್ಟದ ಆಚೆ ಹೊತ್ತು ಇಳಿಯುತ್ತಿತ್ತು. ಸುರಪುರ ಬರುವವರೆಗೂ ತೊಡೆಯ ಮೇಲಿನ ಡಬ್ಬಿ ಬೆಚ್ಚಗಿತ್ತು.